ಗಾಡಿ ಮಾತು: ಮುಂದಿನ ಲಾರಿಗೂ ನಿಮಗೂ ನಡುವೆ ಎಷ್ಟು ಜಾಗ?

ಮಳೆಗಾಲ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ರಿಪೇರಿ, ಮೈಲೇಜ್ ಪ್ರಶ್ನೆ ಕಡಿಮೆ, ಹೆದರಿಕೆಯ ಪ್ರಶ್ನೆ ಜಾಸ್ತಿ. ಅದಕ್ಕೆ ಈ ಸಲ ಪೂರ್ತಿ ಅಂಕಣ ಅವಕ್ಕೇ. ನಾನು ಇಪ್ಪತ್ತೆಂಟು ವರ್ಷ ಬಸ್ ಓಡಿಸಿದವನು, ಈಗ ಹುಬ್ಬಳ್ಳಿಯಲ್ಲಿ ಹುಡುಗರಿಗೆ ಡ್ರೈವಿಂಗ್ ಕಲಿಸುತ್ತೇನೆ. ಕೆಲವು ಮಾತು ಮಾಸ್ತರರ ಥರ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪ್ರಶ್ನೆ: ಕಾಕಾ, ನಮಸ್ಕಾರ. ಹೊಸದಾಗಿ ಕಾರು ಕೊಂಡಿದ್ದೇನೆ. ಮಾಲು ತರೋಕೆ ವಾರಕ್ಕೆ ಎರಡು ಸಲ ಗದಗಿನಿಂದ ಹುಬ್ಬಳ್ಳಿಗೆ ಬರುತ್ತೇನೆ. ಮುಂದಿನ ಗಾಡಿಗೆ ಎಷ್ಟು ಅಂತರ ಬಿಡಬೇಕು? ಬಿಟ್ಟರೆ ಯಾರಾದರೂ ಬಂದು ತೂರಿಕೊಳ್ಳುತ್ತಾರೆ, ಬಿಡದಿದ್ದರೆ ಎದೆ ಡವಡವ.
— ಅಂಗಡಿಕಾರರು, ಬೆಟಗೇರಿ

ಉತ್ತರ: ಮೀಟರ್ ಲೆಕ್ಕ ಬಿಡಿ, ಓಡುವ ಗಾಡಿಯಲ್ಲಿ ಟೇಪು ಹಿಡಿದು ಅಳೆಯೋಕಾಗುತ್ತಾ? ಎಣಿಸಿ. ಮುಂದಿನ ಗಾಡಿ ಒಂದು ಬೇವಿನ ಮರವನ್ನೋ ಕಿಲೋಮೀಟರ್ ಕಲ್ಲನ್ನೋ ದಾಟಿದ ಕೂಡಲೇ ಮನಸ್ಸಿನಲ್ಲೇ ‘ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು’ ಅನ್ನಿ. ಮೂರು ಮುಗಿಯೋ ಮೊದಲೇ ನೀವು ಆ ಮರದ ಹತ್ತಿರ ಬಂದುಬಿಟ್ಟರೆ ತೀರಾ ಹತ್ತಿರ ಇದ್ದೀರಿ ಅಂತ ಅರ್ಥ. ಮಳೆ ಬಂದರೆ, ಕತ್ತಲಾದರೆ ಐದರ ತನಕ ಎಣಿಸಿ.

ಯಾಕೆ ಮೂರು? ಗಂಟೆಗೆ 80 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಮುಂದೆ ಕೆಂಪು ದೀಪ ಕಂಡು, ಅದು ತಲೆಗೆ ಹೊಳೆದು, ಕಾಲು ಎದ್ದು ಬ್ರೇಕಿನ ಮೇಲೆ ಬೀಳೋಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದಿರುತ್ತೆ. ಬ್ರೇಕ್ ಹಾಕೋಕೆ ಮುಂಚೆಯೇ 33 ಮೀಟರ್ ಹೋಯ್ತು. ಆಮೇಲೆ ಒಳ್ಳೆ ಟೈರು, ಒಣ ಡಾಂಬರು ಇದ್ದರೂ ನಿಲ್ಲೋಕೆ ಇನ್ನೊಂದು 35 ಮೀಟರ್ ಬೇಕು. ಒಟ್ಟು ಹೆಚ್ಚು ಕಡಿಮೆ 70 ಮೀಟರ್. ಅದೇ 40ರಲ್ಲಿ ಹೋಗ್ತಿದ್ದರೆ ಬ್ರೇಕ್ ಹಿಡಿದ ಮೇಲೆ 9 ಮೀಟರ್ ಸಾಕು. ವೇಗ ಎರಡು ಪಟ್ಟಾದರೆ ಬ್ರೇಕಿಗೆ ಬೇಕಾದ ಜಾಗ ನಾಲ್ಕು ಪಟ್ಟಾಗುತ್ತೆ, ಇದು ಗೊತ್ತಿಲ್ಲದೇ ಬಹಳ ಜನ ಸ್ಟೇರಿಂಗ್ ಹಿಡಿದಿದ್ದಾರೆ.

ಇನ್ನು ತೂರಿಕೊಳ್ಳೋರು. ತೂರಿಕೊಳ್ಳಲಿ ಬಿಡಿ. ನೀವು ಸ್ವಲ್ಪ ಆಕ್ಸಿಲರೇಟರ್ ಬಿಟ್ಟು ಮತ್ತೆ ಮೂರು ಎಣಿಸಿ. ಗದಗಿನಿಂದ ಹುಬ್ಬಳ್ಳಿ ಮುಟ್ಟೋದರೊಳಗೆ ಹತ್ತು ಜನ ತೂರಿಕೊಂಡರೂ ನಿಮಗಾಗೋ ನಷ್ಟ ಮೂವತ್ತು ಸೆಕೆಂಡ್. ಮೂವತ್ತು ಸೆಕೆಂಡಿಗೆ ಯಾವ ಗಿರಾಕಿಯೂ ಓಡಿಹೋಗಲ್ಲ.

ಹಿಂದಿನವನು ಬಾಲಕ್ಕೆ ಅಂಟಿಕೊಂಡು ಹಾರ್ನ್ ಹೊಡೀತಿದ್ದರೆ ಸಿಟ್ಟಿಗೆ ಬ್ರೇಕ್ ತೋರಿಸಬೇಡಿ. ಮುಂದೆ ಇನ್ನೂ ಜಾಸ್ತಿ ಜಾಗ ಬಿಡಿ. ಆಗ ನೀವು ಗಕ್ಕನೆ ಬ್ರೇಕ್ ಹಾಕೋ ಪ್ರಸಂಗವೇ ಬರಲ್ಲ, ಅವನೂ ನಿಮ್ಮ ಡಿಕ್ಕಿಯೊಳಗೆ ಬಂದು ಕೂರಲ್ಲ. ರಸ್ತೆ ಅಗಲ ಇರೋ ಕಡೆ ಎಡಕ್ಕೆ ಸರಿದು ಕಳಿಸಿಬಿಡಿ.

ಪ್ರಶ್ನೆ: ಲಾರಿಯವರು ಇಂಡಿಕೇಟರ್ ಹಾಕಿ ‘ಮುಂದೆ ಹೋಗು’ ಅಂತಾರಲ್ಲ, ಅದನ್ನ ನಂಬಬಹುದಾ? ಬೈಪಾಸಿನಲ್ಲಿ ಓವರ್‌ಟೇಕ್ ಮಾಡೋಕೆ ಎಷ್ಟು ಜಾಗ ಬೇಕು?
— ಕಾಲೇಜು ವಿದ್ಯಾರ್ಥಿ, ಧಾರವಾಡ

ಉತ್ತರ: ನಂಬಬೇಡ ತಮ್ಮಾ. ನಾನು ಲೈಸನ್ಸ್ ತಗೊಂಡ ಹೊಸದರಲ್ಲಿ, ಅಣ್ಣಿಗೇರಿ ದಾಟಿದ ಮೇಲೆ, ಹತ್ತಿ ತುಂಬಿದ ಲಾರಿಯ ಹಿಂದೆ ಸಿಕ್ಕಿಕೊಂಡಿದ್ದೆ. ಅವನು ಬಲಗಡೆ ಇಂಡಿಕೇಟರ್ ಹಾಕಿದ. ದಾರಿ ಬಿಟ್ಟ ಅಂದುಕೊಂಡು ನಾನು ಬಲಕ್ಕೆ ಎತ್ತಿದೆ. ಅವನು ನಿಜವಾಗಿಯೂ ಬಲಕ್ಕೇ ತಿರುಗಿದ, ಹತ್ತಿ ಜಿನ್ನಿಂಗ್ ಮಿಲ್ಲಿನ ಕಡೆ. ನನ್ನ ಬಂಪರಿಗೂ ಅವನ ಹಿಂದಿನ ಚಕ್ರಕ್ಕೂ ಒಂದು ಗೇಣು ಉಳಿದಿತ್ತು. ಆ ಚಕ್ರದ ನಟ್ಟುಗಳು ಇವತ್ತಿಗೂ ಕಣ್ಣ ಮುಂದೆ ಇವೆ, ಅದರಲ್ಲಿ ಒಂದು ಇರಲಿಲ್ಲ.

ಒಬ್ಬನ ಬಲ ಇಂಡಿಕೇಟರ್ ‘ಹೋಗು’, ಇನ್ನೊಬ್ಬನದು ‘ಬರಬೇಡ, ಎದುರು ಗಾಡಿ ಇದೆ’, ಮತ್ತೊಬ್ಬನದು ‘ನಾನು ತಿರುಗ್ತೀನಿ’. ಇಂಥ ಭಾಷೆಯ ಮೇಲೆ ಜೀವ ಇಡೋಕಾಗಲ್ಲ. ನಿನ್ನ ಕಣ್ಣಿಗೆ ರಸ್ತೆ ಖಾಲಿ ಕಂಡರೆ ಮಾತ್ರ ಹೋಗು. ಖಾಲಿ ಕಾಣಬೇಕಂದ್ರೆ ಮೊದಲು ಹಿಂದೆ ಸರಿ. ಲಾರಿಗೆ ಅಂಟಿಕೊಂಡವನಿಗೆ ಕಾಣೋದು ಅದರ ಹಲಗೆ ಮತ್ತು ‘ಹಾರ್ನ್ ಪ್ಲೀಸ್’ ಅಷ್ಟೇ. ಲಾರಿಯ ಕನ್ನಡಿ ನಿನಗೆ ಕಾಣ್ತಿಲ್ಲ ಅಂದ್ರೆ ಡ್ರೈವರಿಗೆ ನೀನೂ ಕಾಣ್ತಿಲ್ಲ.

ಈಗ ಲೆಕ್ಕ. ಲಾರಿ 60ರಲ್ಲಿದೆ, ನೀನು 80ರಲ್ಲಿ. ಅದರ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ ಎಲ್ಲ ಸೇರಿ ದಾಟಿ ಎಡಕ್ಕೆ ಬರೋಕೆ ಸುಮಾರು ಹತ್ತು ಸೆಕೆಂಡ್. ಅಷ್ಟರಲ್ಲಿ ನೀನು 220 ಮೀಟರ್ ಓಡಿರ್ತೀಯ. ಎದುರಿನಿಂದ 80ರಲ್ಲೇ ಬರ್ತಿರೋನು ಅವನೂ 220 ಮೀಟರ್ ಓಡಿರ್ತಾನೆ. ಅಂದ್ರೆ ಹೆಚ್ಚು ಕಡಿಮೆ ಅರ್ಧ ಕಿಲೋಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣಬೇಕು. ನಮ್ಮ ಹುಬ್ಬಳ್ಳಿ–ಧಾರವಾಡ ಬೈಪಾಸು, ಗಬ್ಬೂರಿನಿಂದ ನರೇಂದ್ರದ ತನಕ, ಎಷ್ಟೋ ವರ್ಷ ಡಿವೈಡರ್ ಇಲ್ಲದ ಎರಡೇ ಲೇನಿನ ರಸ್ತೆಯಾಗಿ ಉಳಿದು ಅದೆಷ್ಟು ಜನರನ್ನ ತಿಂದಿದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೋಗೂ ಟಿಪ್ಪರ್‌ಗೂ ಡಿಕ್ಕಿಯಾಗಿ ಹತ್ತಕ್ಕೂ ಜಾಸ್ತಿ ಜನ ಹೋದರು. ಡಿವೈಡರ್ ಇಲ್ಲದ ರಸ್ತೆಯಲ್ಲಿ ಎದುರಿನವನ ತಪ್ಪೂ ನಿನ್ನ ಲೇನಿಗೇ ಬರುತ್ತೆ. ಅದಕ್ಕೆ ಎಡಗಡೆ ಮಣ್ಣಿನ ಅಂಚು ಎಲ್ಲಿ ಇಳಿಯೋಕೆ ಬರುತ್ತೆ, ಎಲ್ಲಿ ಗಟಾರ ಇದೆ ಅಂತ ಓಡಿಸುವಾಗಲೇ ನೋಡ್ಕೊಂಡಿರು.

ಪ್ರಶ್ನೆ: ಎದುರಿನವರು ಫುಲ್ ಲೈಟ್ ಹಾಕಿಕೊಂಡು ಬಂದರೆ ನಾವೂ ಹಾಕಿ ಬುದ್ಧಿ ಕಲಿಸಬೇಕಾ?
— ಓದುಗರು, ಶಿಗ್ಗಾವಿ

ಉತ್ತರ: ಕಲಿಸಿ. ಆಮೇಲೆ ರಸ್ತೆ ಮೇಲೆ ಒಬ್ಬರ ಬದಲು ಇಬ್ಬರು ಕುರುಡರು. ಒಂದು ಸಲ ಡಿಪ್ ಮಾಡಿ ತೋರಿಸಿ, ಕೇಳದಿದ್ದರೆ ವೇಗ ಇಳಿಸಿ ರಸ್ತೆಯ ಎಡಗಡೆ ಬಿಳಿ ಗೆರೆ ನೋಡ್ತಾ ಸಾಗಿ. ಗಾಜನ್ನ ಒಳಗಿನಿಂದಲೂ ಒರೆಸಿ, ಅರ್ಧ ಬೆಳಕು ಕಣ್ಣಿಗೆ ಚದುರೋದು ಆ ಜಿಡ್ಡಿನಿಂದ.

ಪ್ರಶ್ನೆ: ರಾತ್ರಿ ಹೊತ್ತು ಟ್ರಾಕ್ಟರ್ ಟ್ರೈಲರ್‌ಗಳಿಗೆ ಹಿಂದೆ ಲೈಟೇ ಇರಲ್ಲ. ಹೋದ ತಿಂಗಳು ಮೋಟೆಬೆನ್ನೂರಿನ ಹತ್ತಿರ ಕೂದಲೆಳೆಯಲ್ಲಿ ಪಾರಾದೆ. ನನ್ನ ತಪ್ಪೇನು?
— ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ತಪ್ಪು ಟ್ರಾಕ್ಟರ್‌ನವನದು, ಸರಿ. ಆದರೆ ಆಸ್ಪತ್ರೆಯಲ್ಲಿ ಮಲಗೋದು ನೀವು. ಡಿಪ್ ಲೈಟಿನಲ್ಲಿ ಚೆನ್ನಾಗಿ ಕಾಣೋದು 40–50 ಮೀಟರ್. 60ರ ವೇಗದಲ್ಲಿ ಕಾರು ನಿಲ್ಲೋಕೆ ಬೇಕಾಗೋದೂ ಹೆಚ್ಚು ಕಡಿಮೆ ಅಷ್ಟೇ. ಹಾಗಾದರೆ ಡಿಪ್‌ನಲ್ಲಿ 80, 90 ಓಡಿಸ್ತಿರೋರು ಕಾಣದ ಜಾಗಕ್ಕೆ ನುಗ್ಗುತ್ತಿದ್ದಾರೆ ಅಂತಾಯ್ತು. ಎದುರು ಯಾರೂ ಇಲ್ಲದಾಗ ಫುಲ್ ಹಾಕಿ, ಅದು ಇರೋದೇ ಅದಕ್ಕೆ.

ನಿಮ್ಮ ತಾಲೂಕಿನಲ್ಲೇ, ಗುಂಡೇನಹಳ್ಳಿ ಹತ್ತಿರ, 2024ರ ಜೂನ್ 28ರಂದು ಬೆಳಗಿನ ಜಾವ ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಬರ್ತಿದ್ದವರ ಟೆಂಪೋ ಟ್ರಾವೆಲರ್ ನಿಂತಿದ್ದ ಲಾರಿಗೆ ಗುದ್ದಿ 13 ಜನ ತೀರಿಕೊಂಡರು. ನಿಂತ ಲಾರಿಯನ್ನ ಕಣ್ಣು ನಿಂತಿದೆ ಅಂತ ಓದಲ್ಲ, ಮುಂದೆ ಹೋಗ್ತಿದೆ ಅಂತಲೇ ಓದುತ್ತೆ. ಗೊತ್ತಾಗೋಷ್ಟರಲ್ಲಿ ಹತ್ತಿರ ಬಂದಿರ್ತೀವಿ. ಅದಕ್ಕೆ ಹೈವೇಯಲ್ಲಿ ರಾತ್ರಿ ತೀರಾ ಎಡದ ಅಂಚು ಹಿಡಿದು ಓಡಿಸಬೇಡಿ, ಢಾಬಾ, ಪೆಟ್ರೋಲ್ ಬಂಕ್ ಹತ್ತಿರ ಬಂದಾಗ ಕಾಲು ಬ್ರೇಕಿನ ಮೇಲೆ ಇರಲಿ. ನಿಮ್ಮದೇ ಗಾಡಿ ಕೆಟ್ಟು ನಿಂತರೆ ಹಜಾರ್ಡ್ ಲೈಟ್ ಹಾಕಿ, ತ್ರಿಕೋನವನ್ನ ಕನಿಷ್ಠ 50 ಮೀಟರ್ ಹಿಂದೆ ಇಡಿ, ಜನರನ್ನ ಇಳಿಸಿ ರಸ್ತೆಯಿಂದ ಆಚೆ ನಿಲ್ಲಿಸಿ, ಹೈವೇ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಗಾಡಿಯೊಳಗೆ ಕೂತು ಮೆಕ್ಯಾನಿಕ್‌ಗೆ ಕಾಯೋದು ಬೇಡ.

ಈ ಪತ್ರಿಕೆ ಓದೋ ರೈತರಿಗೆ ಒಂದು ಮಾತು. ಟ್ರೈಲರ್ ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ರಿಫ್ಲೆಕ್ಟರ್ ಟೇಪು ಅಂಟಿಸಿ. ಒಂದು ಚೀಲ ಗೊಬ್ಬರದಷ್ಟೂ ಖರ್ಚಿಲ್ಲ. ಮೇವು, ಕಬ್ಬು ಹೇರಿದಾಗ ಅದು ಮುಚ್ಚಿಹೋಗದ ಹಾಗೆ ಕೆಳಗೆ ಅಂಟಿಸಿ. ಮತ್ತೆ ಈ ರಸ್ತೆ ಮೇಲೆ ಒಕ್ಕಲು ಮಾಡೋದು ಇದೆಯಲ್ಲ, ಹೆಸರು, ಹುರುಳಿ ಹರವಿ ಸುತ್ತ ಕಲ್ಲು ಇಡೋದು, ಸಂಜೆ ಕಾಳು ತುಂಬಿಕೊಂಡು ಹೋಗುವಾಗ ಆ ಕಲ್ಲನ್ನಾದರೂ ತೆಗೀರಪ್ಪಾ. ಕಾರಿನವರು ಹೊಟ್ಟಿನ ರಾಶಿ ಮೇಲೆ ಹೋಗಬೇಡಿ, ಅದು ತಳಕ್ಕೆ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುತ್ತೆ. ಬೈಕಿನವರು ಕಾಳಿನ ಮೇಲೆ ಬ್ರೇಕ್ ಮುಟ್ಟಬೇಡಿ, ಮೊದಲೇ ನಿಧಾನ ಮಾಡಿ ನೆಟ್ಟಗೆ ದಾಟಿ.

ಪ್ರಶ್ನೆ: ಮಗಳು ಈ ವರ್ಷದಿಂದ ನವನಗರದಿಂದ ವಿದ್ಯಾನಗರಕ್ಕೆ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗ್ತಾಳೆ. ಮನೆಗೆ ಬರೋ ತನಕ ನನಗೆ ಊಟ ಸೇರಲ್ಲ. ಅವಳಿಗೆ ಏನು ಹೇಳಲಿ?
— ಒಬ್ಬ ತಾಯಿ, ನವನಗರ

ಉತ್ತರ: ಅಕ್ಕಾ, ‘ಹುಷಾರಾಗಿ ಹೋಗು’ ಅಂತ ದಿನಾ ಹೇಳಿದರೆ ಅದು ಕಿವಿಗೆ ಹೋಗಲ್ಲ. ಒಂದೊಂದೇ ಕೆಲಸ ಹೇಳಿ.

ಮೊದಲನೇದು ಹೆಲ್ಮೆಟ್ಟಿನ ಪಟ್ಟಿ. ಹಾಕಿಕೊಂಡು ಪಟ್ಟಿ ಬಿಗಿಯದೇ ಹೋಗೋರೇ ಜಾಸ್ತಿ. ಬಿದ್ದಾಗ ತಲೆಗಿಂತ ಮೊದಲು ಹೆಲ್ಮೆಟ್ ಹಾರಿರುತ್ತೆ. ವೇಲು ಜಾಕೆಟ್ಟಿನ ಒಳಗಿರಲಿ.

ಆ ರಸ್ತೆಯಲ್ಲಿ ಇನ್ನೊಂದು ವಿಷಯ ಇದೆ. ಹುಬ್ಬಳ್ಳಿ–ಧಾರವಾಡದ ನಡುವೆ ತನ್ನದೇ ಪ್ರತ್ಯೇಕ ದಾರಿಯಲ್ಲಿ ಓಡೋ ಚಿಗರಿ ಬಸ್ಸಿನ ಸ್ಟೇಷನ್‌ಗಳು ರಸ್ತೆಯ ನಡುವೆ ಇವೆ. ಬಸ್ ಬರ್ತಿರೋದು ಕಂಡ ಕೂಡಲೇ ಎಡಗಡೆ ನಿಂತವರು ಓಡ್ತಾರೆ, ಅವರ ಕಣ್ಣು ಬಸ್ಸಿನ ಮೇಲೆ ಇರುತ್ತೆಯೇ ಹೊರತು ನಿಮ್ಮ ಮಗಳ ಸ್ಕೂಟರಿನ ಮೇಲೆ ಅಲ್ಲ. ಉಣಕಲ್‌ನಲ್ಲಿ ನಾನೇ ನಿಂತು ನೋಡಿದ್ದೇನೆ. ಒಬ್ಬ ಅಜ್ಜ ಕೈಯಲ್ಲಿ ಚೀಲ ಹಿಡಿದು, ಮೊದಲು ಒಂದು ಕಾಲು ಕೆಳಗಿಟ್ಟ, ಮತ್ತೆ ಹಿಂದೆ ತಗೊಂಡ, ಆಮೇಲೆ ಏಕದಂ ಓಡಿದ. ಆ ಮೊದಲನೇ ಕಾಲು ಕಂಡಾಗಲೇ ಆಕ್ಸಿಲರೇಟರ್ ಬಿಟ್ಟವಳು ಉಳಿಸಿಕೊಂಡಳು, ಹಾರ್ನ್ ಹೊಡೆದ ಬೈಕಿನವನು ಬಿದ್ದ. ಸ್ಟೇಷನ್ ಹತ್ತಿರ ಬಂದಾಗ ಜನರ ಕಾಲು ನೋಡೋಕೆ ಹೇಳಿ. ಬಸ್ಸಿನ ದಾರಿ ಖಾಲಿ ಇದೆ ಅಂತ ಅದರೊಳಗೆ ನುಗ್ಗೋದು ಮಾತ್ರ ಯಾವತ್ತೂ ಬೇಡ.

ನಿಂತ ಕಾರಿನ ಪಕ್ಕದಿಂದ ಹೋಗುವಾಗ ಒಂದು ಬಾಗಿಲಿನಷ್ಟು ದೂರ ಬಿಡಲಿ. ಕಾರು ಇಟ್ಟುಕೊಂಡವರೂ ಕೇಳಿ: ಇಳಿಯುವಾಗ ಬಲಗಡೆ ಬಾಗಿಲನ್ನ ಎಡಗೈಯಿಂದ ತೆಗೀರಿ. ಮೈ ತಾನಾಗಿ ತಿರುಗುತ್ತೆ, ಹಿಂದೆ ಬರೋ ಸ್ಕೂಟರ್ ಕಾಣುತ್ತೆ. ಅಡ್ಡರಸ್ತೆಯಿಂದ ಬರೋ ಗಾಡಿಯ ಡ್ರೈವರ್ ಮುಖ ನೋಡೋದಕ್ಕಿಂತ ಮುಂದಿನ ಚಕ್ರ ನೋಡೋದು ಒಳ್ಳೇದು, ಗಾಡಿ ಸರಿಯೋದು ಅಲ್ಲಿ ಮೊದಲು ಗೊತ್ತಾಗುತ್ತೆ.

ಕೊನೇದು ಬ್ರೇಕು. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಅಂತ ಯಾರೋ ಹೆದರಿಸಿರ್ತಾರೆ, ಅದಕ್ಕೆ ಹುಡುಗಿಯರು ಹಿಂದಿನದನ್ನೇ ಹಿಡೀತಾರೆ. ಗಾಡಿ ನಿಲ್ಲಿಸೋ ಶಕ್ತಿ ಅರ್ಧಕ್ಕಿಂತ ಜಾಸ್ತಿ ಇರೋದು ಮುಂದಿನ ಚಕ್ರದಲ್ಲಿ. ಭಾನುವಾರ ಖಾಲಿ ಮೈದಾನಕ್ಕೆ ಕರ್ಕೊಂಡು ಹೋಗಿ, ಎರಡೂ ಬ್ರೇಕ್ ಒಟ್ಟಿಗೆ, ಹಿಂಡಿದ ಹಾಗೆ, ಹತ್ತು ಸಲ ಹಿಡಿಸಿ. ಹೊಲದಿಂದ ಬಂದ ಟ್ರಾಕ್ಟರ್ ಎರೆ ಮಣ್ಣು ಬಿಟ್ಟುಹೋದ ಕಡೆ, ಮೇಲೆ ಒಂದು ಜಿಟಿಜಿಟಿ ಮಳೆ ಬಿದ್ದಿದ್ದರೆ, ಬ್ರೇಕೂ ಬೇಡ, ತಿರುವೂ ಬೇಡ. ಅದು ಸಾಬೂನು ಹಚ್ಚಿದ ಕಲ್ಲು.

ಪ್ರಶ್ನೆ: ಮದುವೆ ಮುಗಿಸಿ ರಾತ್ರಿಯೇ ಕ್ರೂಸರಿನಲ್ಲಿ ಹಾವೇರಿಗೆ ವಾಪಸ್ ಬರ್ತೀವಿ. ಡ್ರೈವರಿಗೆ ನಿದ್ದೆ ಬರದ ಹಾಗೆ ಹಾಡು ಹಾಕಿದರೆ ಸಾಕಲ್ವಾ?
— ಓದುಗರು, ಹಾವೇರಿ

ಉತ್ತರ: ಸಾಕಾಗಲ್ಲ. ಹಾಡು, ಕಿಟಕಿಯ ಗಾಳಿ, ಮುಖಕ್ಕೆ ನೀರು, ಎಲ್ಲಾ ಐದು ಹತ್ತು ನಿಮಿಷದ ಆಟ. ಚಹಾ ಕುಡಿದರೂ ಅದು ಕೆಲಸ ಶುರು ಮಾಡೋಕೆ ಅರ್ಧ ಗಂಟೆ ಹತ್ತಿರ ಬೇಕು. ಅದಕ್ಕೆ ಒಂದು ಉಪಾಯ: ಡ್ರೈವರ್ ಚಹಾ ಕುಡಿದು ಅಲ್ಲೇ ಇಪ್ಪತ್ತು ನಿಮಿಷ ಮಲಗಲಿ, ಎದ್ದಾಗ ಎರಡೂ ಒಟ್ಟಿಗೆ ಸಿಗುತ್ತೆ. ರಾತ್ರಿ ಎರಡರಿಂದ ಐದರ ತನಕ ದೇಹ ನಿದ್ದೆಯನ್ನ ಕೇಳಿಯೇ ಕೇಳುತ್ತೆ, ಎಂಥ ಹಳೇ ಡ್ರೈವರನ್ನೂ ಬಿಡಲ್ಲ. ನಾನೂ ಒಂದು ಸಲ ಬಂಕಾಪುರದ ಹತ್ತಿರ ಎರಡು ಕಿಲೋಮೀಟರ್ ಹೇಗೆ ಬಂದೆ ಅಂತ ನೆನಪೇ ಇಲ್ಲದೆ ಎಚ್ಚರಾದವನು. ಬಸ್ಸಿನಲ್ಲಿ ನಲವತ್ತು ಜನ ಇದ್ದರು, ಯಾರಿಗೂ ಗೊತ್ತಾಗಲಿಲ್ಲ. ಮದುವೆ ಮನೆಯಲ್ಲಿ ನಿಮಗೆ ಹಾಸಿಗೆ ಹಾಸುವಾಗ ಡ್ರೈವರಿಗೂ ಒಂದು ಚಾಪೆ ಕೇಳಿ, ಬೆಳಗ್ಗೆ ಆರಕ್ಕೆ ಹೊರಡಿ.

ಪ್ರಶ್ನೆ: ನಾನು ಬಹಳ ನಿಧಾನ ಓಡಿಸ್ತೀನಿ ಅಂತ ಹೆಂಡತಿ ಜಗಳ ತೆಗೀತಾಳೆ. ನಿಧಾನ ಓಡಿಸೋದೇ ಸೇಫ್ ಅಂತ ನನ್ನ ವಾದ. ಯಾರು ಸರಿ?
— ನಿವೃತ್ತ ನೌಕರರು, ರಾಣೆಬೆನ್ನೂರು

ಉತ್ತರ: ಎಡಗಡೆ ಲೇನಿನಲ್ಲಿ ಹೋಗ್ತಿದ್ದರೆ ನೀವು ಸರಿ. ಬಲಗಡೆ ಲೇನಿನಲ್ಲಿದ್ದರೆ ಅವರು. ಯಾವ ಲೇನು ಅಂತ ನೀವು ಪತ್ರದಲ್ಲಿ ಬರೆದಿಲ್ಲ, ಅದಕ್ಕೇ ನನಗೆ ಸ್ವಲ್ಪ ಅನುಮಾನ.