ಟಿಕೆಟ್‌ನಲ್ಲಿ ಹೌರಾ, ಮಾತಿನಲ್ಲಿ ಕೋಲ್ಕತ್ತ

ಪ್ರಶ್ನೆ: ಬೆಂಗಳೂರಿನಿಂದ ರೈಲಿನಲ್ಲಿ ಕೋಲ್ಕತ್ತಕ್ಕೆ ಹೋಗಿದ್ದೆವು. ಟಿಕೆಟ್‌ನಲ್ಲಿ ಹೌರಾ ಎಂದಿತ್ತು. ಹೌರಾ ಕೋಲ್ಕತ್ತದ ಒಂದು ಬಡಾವಣೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ, ಅದು ಬೇರೆಯೇ ಊರು. ಕೋಲ್ಕತ್ತ ಹುಗ್ಲಿ ನದಿಯ ಪೂರ್ವ ದಡದಲ್ಲಿದ್ದರೆ ಹೌರಾ ಪಶ್ಚಿಮ ದಡದಲ್ಲಿದೆ. ಅದಕ್ಕೆ ತನ್ನದೇ ಜಿಲ್ಲೆಯಿದೆ, ಮಹಾನಗರ ಪಾಲಿಕೆಯಿದೆ. ಪಿನ್‌ಕೋಡ್ ಕೂಡ 700ರಿಂದಲ್ಲ, 711ರಿಂದ ಆರಂಭವಾಗುತ್ತದೆ. 1854ರ ಆಗಸ್ಟ್ 15ರಂದು ಹೌರಾದಿಂದ ಹುಗ್ಲಿ ಪಟ್ಟಣಕ್ಕೆ ಮೊದಲ ರೈಲು ಹೊರಟಾಗ ಈ ನದಿಗೆ ಇಲ್ಲಿ ಸೇತುವೆಯೇ ಇರಲಿಲ್ಲ. ಹಾಗಾಗಿ ಹಳಿ ಪಶ್ಚಿಮ ದಡದಲ್ಲೇ ನಿಂತಿತು, ಕೋಲ್ಕತ್ತಕ್ಕೆ ಹೋಗುವವರು ದೋಣಿ ಹತ್ತಬೇಕಾಯಿತು. 1874ರಲ್ಲಿ ತೇಲುವ ಸೇತುವೆ ಬಂದರೂ ಹಡಗುಗಳಿಗೆ ದಾರಿ ಬಿಡಲು ಆಗಾಗ ಅದರ ನಡುಭಾಗವನ್ನು ತೆರೆಯಬೇಕಿತ್ತು. ಅಷ್ಟು ಹೊತ್ತು ಜನ, ಗಾಡಿಗಳೆಲ್ಲ ಕಾಯಬೇಕಿತ್ತು. ಇಂದಿನ ಉಕ್ಕಿನ ಸೇತುವೆ ಬಳಕೆಗೆ ತೆರೆದದ್ದು 1943ರಲ್ಲಿ.

ಪ್ರಶ್ನೆ: ಹೌರಾವನ್ನು ಹಿಂದೆ ‘ಪೂರ್ವದ ಶೆಫೀಲ್ಡ್’ ಎನ್ನುತ್ತಿದ್ದರಂತೆ. ಅಂಥ ಊರು ಸೊರಗಿದ್ದೇಕೆ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ಭದ್ರಾವತಿಯವರಿಗೆ ಈ ಪ್ರಶ್ನೆ ಹೊಳೆದದ್ದರಲ್ಲಿ ಅಚ್ಚರಿಯಿಲ್ಲ. ಆ ಬಿರುದು ಮಾತ್ರ ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಶೆಫೀಲ್ಡ್ ಚೂರಿ, ಚಮಚಗಳಿಗೆ ಹೆಸರಾದ ಊರು, ಹೌರಾದವರು ಮಾಡುತ್ತಿದ್ದುದು ರೈಲು ವ್ಯಾಗನ್ನು, ಯಂತ್ರದ ಬಿಡಿಭಾಗ, ಗೋಣಿಚೀಲ. ಬೆಲಿಲಿಯಸ್ ರಸ್ತೆಯ ಆಸುಪಾಸಿನ ಇಕ್ಕಟ್ಟಾದ ಗಲ್ಲಿಗಳಲ್ಲಿ ಒಂದೊಂದು ಕೋಣೆಯಲ್ಲಿ ಒಂದೆರಡು ಲೇತ್ ಇಟ್ಟುಕೊಂಡು ದುಡಿಯುವವರ ಊರು ಅದು. ಅಲ್ಲಿನ ಫೌಂಡ್ರಿಗಳಲ್ಲಿ ಮರಳಿನಲ್ಲಿ ಅಚ್ಚು ಒತ್ತಿ, ಕರಗಿದ ಕಬ್ಬಿಣವನ್ನು ಉದ್ದ ಹಿಡಿಯ ಪಾತ್ರೆಯಲ್ಲಿ ಹೊತ್ತು ತಂದು ಎರಕ ಹೊಯ್ಯುತ್ತಾರೆ. ನ್ಯೂಯಾರ್ಕಿನ ಬೀದಿಯಲ್ಲಿ ‘ಮೇಡ್ ಇನ್ ಇಂಡಿಯಾ’ ಎಂದಿರುವ ಮ್ಯಾನ್‌ಹೋಲ್ ಮುಚ್ಚಳ ಕಂಡರೆ ಅದು ಹೌರಾದ್ದೇ ಆಗಿರಬಹುದು.

ಸೊರಗಿದ್ದು ಒಂದೇ ಪೆಟ್ಟಿಗಲ್ಲ. 1947ರ ವಿಭಜನೆಯಲ್ಲಿ ಸೆಣಬು ಬೆಳೆಯುವ ಹೊಲಗಳಲ್ಲಿ ಬಹುಪಾಲು ಪೂರ್ವ ಪಾಕಿಸ್ತಾನಕ್ಕೆ ಹೋಗಿ, ಗಿರಣಿಗಳು ಈಚೆ ಉಳಿದವು. ಮುಂದೆ ಪ್ಲಾಸ್ಟಿಕ್ ಚೀಲವೂ ಬಂದಿತು. ಕಬ್ಬಿಣದ ಕೆಲಸಕ್ಕೆ ಹೆಚ್ಚು ಹಾನಿ ಮಾಡಿದ್ದು ನಮ್ಮ ಅಭಿಪ್ರಾಯದಲ್ಲಿ ಕೇಂದ್ರದ ಸಮಾನ ಸಾಗಣೆ ದರದ ನೀತಿ. 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ಉಕ್ಕು ದೇಶದ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತಿದ್ದುದರಿಂದ, ಜಮ್‌ಶೆಡ್‌ಪುರದ ಉಕ್ಕು ಹೌರಾಕ್ಕೆ ಅಗ್ಗವಾಗಿ ಬರುವ ಅನುಕೂಲ ತಪ್ಪಿ, ಕಾರ್ಖಾನೆಗಳು ಪಶ್ಚಿಮ ಮತ್ತು ದಕ್ಷಿಣದ ರಾಜ್ಯಗಳತ್ತ ಹೊರಳಿದವು. ಅದರ ಲಾಭ ನಮ್ಮ ರಾಜ್ಯಕ್ಕೂ ಸಿಕ್ಕಿತೆನ್ನುವುದನ್ನು ಮರೆಯಬಾರದು. 1960ರ ದಶಕದ ಮಧ್ಯದಲ್ಲಿ ರೈಲ್ವೆ ವ್ಯಾಗನ್ ಖರೀದಿಯನ್ನು ಕಡಿತಗೊಳಿಸಿದಾಗ, ಅದನ್ನೇ ನಂಬಿದ್ದ ಸಣ್ಣ ಫೌಂಡ್ರಿಗಳ ಕುಲುಮೆಗೂ ಕೆಲಸ ತಪ್ಪಿತು.

ಪ್ರಶ್ನೆ: ಹೌರಾ ಸೇತುವೆಯಲ್ಲಿ ನಟ್ಟು ಬೋಲ್ಟುಗಳೇ ಇಲ್ಲವೆಂಬುದು ನಿಜವೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಜ. ಉಕ್ಕಿನ ಭಾಗಗಳನ್ನು ರಿವೆಟ್ ಹೊಡೆದು ಜೋಡಿಸಲಾಗಿದೆ. ಬಳಸಿದ ಸುಮಾರು 26,500 ಟನ್ ಉಕ್ಕಿನಲ್ಲಿ 23,000 ಟನ್ ಟಾಟಾ ಕಂಪನಿಯದು.

ಪ್ರಶ್ನೆ: ಮುಂದಿನ ರೈಲಿಗೆ ಅರ್ಧ ದಿನ ಸಮಯವಿದ್ದರೆ ಹೌರಾದಲ್ಲಿ ಏನು ನೋಡಬಹುದು?
– ಓದುಗರೊಬ್ಬರು, ಧಾರವಾಡ

ಉತ್ತರ: ಹೆಚ್ಚಿನವರು ಮೆಟ್ರೊ ಹತ್ತಿ ನದಿಯಡಿಯ ಸುರಂಗದಲ್ಲಿ ಕೋಲ್ಕತ್ತಕ್ಕೆ ಹೋಗಿಬಿಡುತ್ತಾರೆ, 2024ರ ಮಾರ್ಚ್‌ನಿಂದ ಆ ಸೌಲಭ್ಯವಿದೆ. ನಮ್ಮ ಸಲಹೆ ಶಿಬ್‌ಪುರದ ಸಸ್ಯೋದ್ಯಾನ. 1787ರಲ್ಲಿ ಆರಂಭವಾದ ಈ ತೋಟದ ದೊಡ್ಡ ಆಲದ ಮರಕ್ಕೆ ಶಿಲೀಂಧ್ರ ತಗುಲಿದ್ದರಿಂದ 1925ರಲ್ಲಿ ಅದರ ಮೂಲ ಕಾಂಡವನ್ನೇ ಕಡಿದು ತೆಗೆದರು. ಈಗ ಅಲ್ಲಿ ನಿಂತಿರುವುದೆಲ್ಲ ನೆಲಕ್ಕಿಳಿದು ಕಂಬಗಳಂತೆ ಬಲಿತ ಸಾವಿರಾರು ಬಿಳಲುಗಳು. ಯಾವುದು ಮೊದಲಿನ ಮರವೆಂದು ಹುಡುಕುತ್ತಾ ಹೋದರೆ ರೈಲು ತಪ್ಪೀತು, ಗಡಿಯಾರ ನೋಡಿಕೊಳ್ಳಿ.