ಗೋಳಿಸೊಪ್ಪೋ, ಹಾಲುಗಿಡವೋ?

ಪ್ರಶ್ನೆ: ಹೂಕುಂಡಗಳಲ್ಲಿಯೂ ಅಂಗಳದ ಕಲ್ಲುಹಾಸಿನ ಸಂದುಗಳಲ್ಲಿಯೂ ಕೆಂಪು ಕಾಂಡದ, ದಪ್ಪ ಎಲೆಯ ಕಳೆಯೊಂದು ನೆಲಕ್ಕೆ ಅಂಟಿದಂತೆ ಹರಡುತ್ತದೆ. ಕೆಲವರು ಅದನ್ನು ಗೋಳಿಸೊಪ್ಪು ಎನ್ನುತ್ತಾರೆ, ಕೆಲವರು ಹಾಲು ಸುರಿಸುವ ವಿಷದ ಗಿಡ ಎನ್ನುತ್ತಾರೆ. ಯಾವುದು ಸರಿ? ಕಿತ್ತೆಸೆದರೂ ಅದು ಮತ್ತೆ ಚಿಗುರುವುದೇಕೆ?

ಉತ್ತರ: ತಾವು ಹೇಳಿದ ಲಕ್ಷಣಗಳಲ್ಲಿ ಕಾಂಡದ ಕೆಂಪನ್ನು ಬದಿಗಿಡಿ, ಆ ಬಣ್ಣ ಎರಡೂ ಗಿಡಗಳಲ್ಲಿ ಕಾಣುತ್ತದೆ. ಎಲೆಯ ದಪ್ಪ ಮತ್ತು ಕಿತ್ತ ಮೇಲೂ ಚಿಗುರುವ ಗುಣ ಇವೆರಡೂ ಗೋಳಿಸೊಪ್ಪನ್ನೇ, ಅಂದರೆ ಸಸ್ಯಶಾಸ್ತ್ರದಲ್ಲಿ ಪೋರ್ಚುಲಾಕ ಒಲರೇಸಿಯ ಎಂಬ ಹೆಸರಿನ ಗಿಡವನ್ನೇ ಸೂಚಿಸುತ್ತವೆ. ಆದರೂ ಒಂದು ಕಾಂಡವನ್ನು ಮುರಿದು ನೋಡದೆ ತೀರ್ಮಾನಿಸಬೇಡಿ. ಗೋಳಿಸೊಪ್ಪಿನಿಂದ ನೀರಿನಂಥ ತಿಳಿ ರಸ ಒಸರುತ್ತದೆ. ಬಿಳಿ ಹಾಲು ಬಂದರೆ ಅದು ಯುಫೋರ್ಬಿಯ ಕುಲದ ನೆಲಗಳ್ಳಿಗಳಲ್ಲೊಂದು. ಆ ಹಾಲು ಕಣ್ಣಿಗೂ ಚರ್ಮಕ್ಕೂ ಉರಿ ತರುವುದರಿಂದ ಕೈ ತೊಳೆದುಕೊಳ್ಳಿ, ಅದನ್ನು ಸೊಪ್ಪೆಂದು ಬಾಯಿಗಿಡಬೇಡಿ. ಅದರ ಎಲೆಗಳು ತೆಳು, ಎದುರುಬದುರಾಗಿ ಜೋಡಿಯಾಗಿರುತ್ತವೆ, ಬುಡದಲ್ಲಿ ಎರಡು ಬದಿ ಸಮನಾಗಿರುವುದಿಲ್ಲ. ಗೋಳಿಸೊಪ್ಪಿನ ಎಲೆ ನುಣುಪು, ಮಾಂಸಲ, ತುದಿಯಲ್ಲಿ ಅಗಲ. ಕೊಂಬೆಯ ತುದಿಯಲ್ಲಿ ಗುಂಪಾಗಿ ಕೂಡಿರುತ್ತದೆ. ಆ ಗುಂಪಿನ ನಡುವೆ ಪುಟ್ಟ ಹಳದಿ ಹೂ ಬಿಸಿಲೇರಿದ ಬೆಳಗಿನಲ್ಲಿ ಕೆಲವೇ ಗಂಟೆ ಅರಳಿ ಮುಚ್ಚಿಕೊಳ್ಳುತ್ತದೆ. ಅನಂತರ ಮೂಡುವ ಕಾಯಿ, ಕರಡಿಗೆಯ ಮುಚ್ಚಳ ಕಳಚಿದಂತೆ ಅಡ್ಡಲಾಗಿ ಬಿಚ್ಚಿಕೊಂಡು, ಮರಳಿನ ಕಣದಂಥ ಕಪ್ಪು ಬೀಜಗಳನ್ನು ಚೆಲ್ಲುತ್ತದೆ. ಭೂತಗನ್ನಡಿ ಇದ್ದರೆ ಈ ಕಾಯಿಯನ್ನು ತಪ್ಪದೆ ನೋಡಿ.

ಅಗೆದು ಬಿಟ್ಟ ಪಾತಿ, ಹೊಲ, ದಾರಿಯಂಚು, ಕಲ್ಲಿನ ಸಂದು, ಹೀಗೆ ಬಿಸಿಲು ಬೀಳುವ ಬರಿ ನೆಲವೇ ಇದರ ನೆಲೆ; ದಟ್ಟ ಹುಲ್ಲಿನಲ್ಲಿ, ಮರದ ನೆರಳಿನಲ್ಲಿ ಇದು ಸೊರಗುತ್ತದೆ. ಬೀಜ ಮೊಳೆಯಲು ಬೆಳಕೂ ಬೆಚ್ಚನೆಯ ಮಣ್ಣೂ ಬೇಕಾದುದರಿಂದ, ಕೆದಕಿದ ಕೂಡಲೇ ಹೊಸ ಸಸಿಗಳು ಏಳುವುದು ಸಹಜ. ಬೀಜಗಳು ಮಣ್ಣಿನಲ್ಲಿ ಬಹುಕಾಲ ಬದುಕಿರುತ್ತವೆ ಕೂಡ: ಅಮೆರಿಕದ ಮಿಶಿಗನ್‌ನಲ್ಲಿ ಸಸ್ಯವಿಜ್ಞಾನಿ ವಿಲಿಯಂ ಬೀಲ್ 1879ರಲ್ಲಿ ಹೂತಿಟ್ಟ ಬೀಜಗಳಲ್ಲಿ ಗೋಳಿಸೊಪ್ಪಿನವು 40 ವರ್ಷಗಳ ನಂತರವೂ ಮೊಳೆತವು.

ಕಿತ್ತ ಗಿಡ ಬದುಕುವುದು ಅದರ ರಸಭರಿತ ಕಾಂಡದಿಂದ. ನೀರಿನ ಅಭಾವದಲ್ಲಿ ಅದು ಹಗಲು ಎಲೆಯ ರಂಧ್ರಗಳನ್ನು ಬಿಗಿಹಿಡಿದು, ರಾತ್ರಿ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳಬಲ್ಲದು; ಒದ್ದೆ ಮಣ್ಣಿಗೆ ತಾಗಿದ ತುಂಡು ಬೇರು ಬಿಡುತ್ತದೆ. ಆದ್ದರಿಂದ ಗುದ್ದಲಿಯಲ್ಲಿ ಕೊಚ್ಚಿ ಅಲ್ಲೇ ಬಿಟ್ಟರೆ ಗಿಡಗಳ ಸಂಖ್ಯೆ ಹೆಚ್ಚೀತು. ಕಾಯಿ ಕಟ್ಟುವ ಮುನ್ನವೇ ಬುಡಸಹಿತ ಎತ್ತಿ, ಪಾತಿಯಿಂದ ದೂರ ಒಯ್ದು, ಕಲ್ಲಿನ ಮೇಲೆ ಪೂರ್ತಿ ಒಣಗಿಸಿ. ತೆರವಾದ ಮಣ್ಣನ್ನು ಒಣಹುಲ್ಲಿನಿಂದ ಮುಚ್ಚಿ.