ತವರಿನ ಓಟು, ಗಂಡನ ಮನೆ ಓಟು: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಇಲ್ಲಿ ಬದಲಿಸಿದ್ದೇನೆ. ಬರೆಯಲು ಆ ಕುಟುಂಬದ ಒಪ್ಪಿಗೆ ಇದೆ.

ಜಯಮ್ಮ ಎಂದು ಕರೆಯೋಣ. ವಯಸ್ಸು ಐವತ್ತರ ಆಸುಪಾಸು. ಹಳೇ ಮೈಸೂರು ಸೀಮೆಯ ಒಂದು ದೊಡ್ಡ ಹಳ್ಳಿ. ತೆಂಗು, ರಾಗಿ, ಮನೆಗೆರಡು ಸೀಮೆ ಹಸು. ಹುಟ್ಟಿದ್ದೂ ಅದೇ ಊರು, ಕೊಟ್ಟಿದ್ದೂ ಅದೇ ಊರು. ತವರಿಗೂ ಗಂಡನ ಮನೆಗೂ ನಡುವೆ ಇರುವುದು ಎರಡೇ ಬೀದಿ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಅವರನ್ನು ನನ್ನ ಬಳಿ ಕಳಿಸಿದ್ದರು. ಎದೆ ಹಿಡಿದುಕೊಂಡ ಹಾಗಾಗುತ್ತದೆ ಎಂದು ಪದೇ ಪದೇ ಬರುತ್ತಾರೆ, ಇಸಿಜಿಯಲ್ಲಿ ಏನೂ ಇಲ್ಲ, ಬಿಪಿ ಏರಿದೆ, ನಡುರಾತ್ರಿ ಎಚ್ಚರವಾದರೆ ಬೆಳಗಿನವರೆಗೆ ನಿದ್ದೆ ಇಲ್ಲ ಎಂದು ಚೀಟಿಯಲ್ಲಿ ಬರೆದಿತ್ತು.

ಮೊದಲ ಭೇಟಿಯಲ್ಲಿ ಮಗನ ಕೆಲಸ, ಹಸುವಿನ ಕೆಚ್ಚಲು ಬಾವು, ತೆಂಗಿಗೆ ಬಿದ್ದ ನುಸಿ ಎಲ್ಲ ಮಾತಾಡಿದರು. ಡೈರಿಗೆ ಹಾಲು ಹಾಕಲು ನೀವೇ ಹೋಗುತ್ತೀರಾ ಎಂದು ಕೇಳಿದಾಗ ಸೆರಗು ಬಾಯಿಗೆ ಹೋಯಿತು.

“ನಾನು ಡೈರಿ ಮೆಟ್ಲು ಹತ್ತಿ ಎರಡು ವರ್ಷ ಆಯ್ತು ಮೇಡಂ. ಮಗನ್ನ ಕಳಿಸ್ತೀನಿ. ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಂತ್ರೆ ಮುಂದಿರೋರೂ ಮಾತು ನಿಲ್ಲಿಸ್ತಾರೆ, ಹಿಂದಿರೋರೂ ನಿಲ್ಲಿಸ್ತಾರೆ.”

ಹಳ್ಳಿಯ ಹೆಂಗಸಿಗೆ ಡೈರಿ ಏನೆಂದು ತಿಳಿಯದವರಿಗೆ ಇದು ಸಣ್ಣ ವಿಷಯ ಅನ್ನಿಸೀತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಇಡೀ ಊರು ಒಂದೇ ಸಾಲಿನಲ್ಲಿ ನಿಲ್ಲುವ ಜಾಗ ಅದು. ಯಾರ ಮಗಳು ಬಸುರಿ, ಯಾರ ಅತ್ತೆಗೆ ಹುಷಾರಿಲ್ಲ, ನಾಳೆ ಕಳೆ ಕೀಳಲು ಯಾರ ಹೊಲಕ್ಕೆ ಮುಯ್ಯಾಳು ಹೋಗಬೇಕು, ಎಲ್ಲ ಅಲ್ಲೇ ಗೊತ್ತಾಗುವುದು. ಅದನ್ನು ಬಿಟ್ಟವರು ಊರಿನಲ್ಲಿದ್ದೂ ಊರಿನಲ್ಲಿ ಇಲ್ಲ.

ಆದದ್ದು ಇಷ್ಟು. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಸಾಮಾನ್ಯ ಸ್ಥಾನಕ್ಕೆ ಜಯಮ್ಮನ ಮೈದುನ ನಿಂತರು. ಅದೇ ಸ್ಥಾನಕ್ಕೆ ಜಯಮ್ಮನ ಒಡಹುಟ್ಟಿದ ತಮ್ಮನೂ ನಿಂತರು. ತಮ್ಮ ಗೆದ್ದರು, ಮೈದುನ ನಾಲ್ಕು ಓಟಿನಲ್ಲಿ ಸೋತರು. ಜಯಮ್ಮನ ಮನೆಯಲ್ಲಿರುವುದೂ ನಾಲ್ಕೇ ಓಟು. ಎಣಿಕೆಯ ದಿನ ಸಂಜೆಯೇ ಆ ಲೆಕ್ಕ ಊರ ಬಾಯಿಗೆ ಬಿತ್ತು.

ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯ ಮೇಲೆ ಚುನಾವಣೆ ನಡೆಯುವುದಿಲ್ಲ. ರಾಜಕೀಯ ಪಕ್ಷಗಳು ಹಳ್ಳಿಯನ್ನು ಒಡೆಯದಿರಲಿ ಎಂಬ ಆಶಯ ಒಳ್ಳೆಯದೇ. ಆದರೆ ಎಂಎಲ್‌ಎ ಚುನಾವಣೆಯಲ್ಲಿ ಸೋತರೆ ‘ಪಾರ್ಟಿ ಸೋತಿತು’ ಎಂದು ಹೇಳಿ ಮಲಗಬಹುದು, ಇಲ್ಲಿ ಸೋಲುವುದು ‘ನಮ್ಮನೆ’. ಜೊತೆಗೆ ಕ್ಷೇತ್ರ ತೀರಾ ಚಿಕ್ಕದು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಇವರದು ಮೂರು ಸ್ಥಾನದ ಕ್ಷೇತ್ರ, ಅಂದರೆ ಒಟ್ಟು ಓಟು ಸಾವಿರದೊಳಗೆ. ಬೆಂಗಳೂರಿಂದ ಯಾರು ಬಸ್ಸು ಹತ್ತಿ ಬಂದರು, ಯಾರಿಗೆ ಬರಲಾಗಲಿಲ್ಲ, ಯಾವ ಮನೆಯ ಅಜ್ಜಿಯನ್ನು ಯಾರು ಕೈಹಿಡಿದು ಕರೆತಂದರು ಎನ್ನುವುದು ಏಜೆಂಟರ ಪಟ್ಟಿಯಲ್ಲಿ ಟಿಕ್ ಆಗಿರುತ್ತದೆ. ಮತ ಗುಪ್ತ ಎಂಬ ಕಾನೂನನ್ನು ಅಷ್ಟು ಸಣ್ಣ ಊರು ಒಳಗೊಳಗೇ ನಂಬುವುದಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸಿತು. ಮೂರು ಸ್ಥಾನದ ಕ್ಷೇತ್ರದಲ್ಲಿ ಒಬ್ಬೊಬ್ಬ ಮತದಾರರಿಗೂ ಮೂರು ಓಟು ಇರುತ್ತದೆ. ತಮ್ಮನಿಗೊಂದು, ಮೈದುನನಿಗೊಂದು ಹಾಕಲು ಜಯಮ್ಮನಿಗೆ ದಾರಿ ಇತ್ತು. ಮೈದುನ ಮೊದಲೇ ಬಂದು “ಅತ್ತಿಗೆ, ನನಗೊಂದೇ ಒತ್ತಿ, ಉಳಿದೆರಡು ಖಾಲಿ ಬಿಡಿ” ಎಂದಿದ್ದರು. ತಮ್ಮನ ಕಡೆಯವರೂ ಅದನ್ನೇ ಹೇಳಿಕಳಿಸಿದ್ದರು. ಇಬ್ಬರಿಗೂ ಹಾಕುವುದನ್ನು ಇಬ್ಬರೂ ದ್ರೋಹ ಎಂದೇ ಮೊದಲೇ ತೀರ್ಮಾನಿಸಿಯಾಗಿತ್ತು. ಇಲ್ಲಿಂದಾಚೆಗೆ ಈ ಹೆಂಗಸಿಗೆ ಸರಿಯಾದ ಉತ್ತರವೇ ಉಳಿದಿರಲಿಲ್ಲ.

ಚುನಾವಣೆ ಒಂದೇ ಸಲ ಮುಗಿಯುವುದೂ ಇಲ್ಲ. ಗೆದ್ದ ಸದಸ್ಯರೇ ಆರಿಸುವ ಅಧ್ಯಕ್ಷ, ಉಪಾಧ್ಯಕ್ಷರ ಅವಧಿ 30 ತಿಂಗಳು. ಐದು ವರ್ಷದಲ್ಲಿ ಎರಡು ಸಲ ಸದಸ್ಯರು ಎಣಿಕೆಯಾಗುತ್ತಾರೆ, ಎದುರು ಬಣ ಸೆಳೆಯದಿರಲಿ ಎಂದು ಎರಡು ಸಲ ಅವರನ್ನು ‘ಟೂರ್’ ಕರೆದೊಯ್ಯುತ್ತಾರೆ, ಎರಡು ಸಲ ಪಟಾಕಿ. ಗಾಯ ಒಣಗುವ ಹೊತ್ತಿಗೆ ಮತ್ತೆ ಕೆದಕಿದ ಹಾಗಾಗುತ್ತದೆ. ಜಯಮ್ಮ ನನ್ನ ಬಳಿ ಬಂದದ್ದು 2023ರಲ್ಲಿ, ಆ ಎರಡನೇ ಸುತ್ತು ಮುಗಿದ ಮೇಲೆ.

ನಡುವೆ ತಮ್ಮನ ಮಗಳ ಮದುವೆ ಆಗಿತ್ತು. ಲಗ್ನಪತ್ರಿಕೆಯನ್ನು ಯಾವುದೋ ಹುಡುಗ ತಂದು ಕಿಟಕಿಯ ಮೇಲಿಟ್ಟು ಹೋದ. ಅರಿಶಿನ ಕುಂಕುಮ ಇಲ್ಲ, ಬನ್ನಿ ಎಂಬ ಮಾತಿಲ್ಲ. ಸೋದರತ್ತೆ ಇಲ್ಲದೆ ಚಪ್ಪರದ ಶಾಸ್ತ್ರ ನಡೆದುಹೋಯಿತು. ವಾಲಗದ ಸದ್ದು ಎರಡು ಬೀದಿ ದಾಟಿ ಇವರ ಹಟ್ಟಿಗೆ ಕೇಳುತ್ತಿತ್ತು. ಗೌರಿ ಹಬ್ಬಕ್ಕೆ ತಮ್ಮ ಕಳಿಸುತ್ತಿದ್ದ ಬಾಗಿನವೂ ನಿಂತಿತು. ಇತ್ತ ಗಂಡ “ದೇವಸ್ಥಾನಕ್ಕೆ ಬಾ, ಕರ್ಪೂರ ಹಚ್ಚಿ ಆರಿಸಿ ಹೇಳು, ಯಾರಿಗೆ ಹಾಕಿದೆ ಅಂತ” ಎಂದು ಹಟ ಹಿಡಿದಿದ್ದರು.

ಯಾರಿಗೆ ಹಾಕಿದಿರಿ ಎಂದು ನಾನು ಕೇಳಲಿಲ್ಲ. ಎರಡನೇ ಭೇಟಿಯಲ್ಲಿ ಅವರೇ ಹೇಳಲು ಹೊರಟಾಗ ಬೇಡ ಎಂದು ತಡೆದೆ. ಅದನ್ನು ಕೇಳದ ಒಬ್ಬರಾದರೂ ಅವರ ಬದುಕಿನಲ್ಲಿ ಇರಬೇಕಿತ್ತು.

ಮೊದಲು ದೇಹದ ಕಡೆ ನೋಡಿದೆವು. ಬಿಪಿ ಮಾತ್ರೆ ತಪ್ಪಿಸಬಾರದು. ಖಿನ್ನತೆಯ ಲಕ್ಷಣಗಳಿದ್ದದ್ದರಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಶಿಬಿರದಲ್ಲಿ ಮನೋವೈದ್ಯರಿಗೆ ತೋರಿಸಿದರು. ರಾತ್ರಿ ತೀರಾ ತಳಮಳವಾದರೆ ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ ಎಂದು ನಂಬರನ್ನು ಮೊಬೈಲಿಗೆ ಹಾಕಿಕೊಟ್ಟೆ.

ಆಣೆ ಮಾಡಲೇಬೇಡಿ ಎಂದೆ. ಮೈದುನನಿಗೆ ಹಾಕಿದೆ ಎಂದು ಆಣೆ ಮಾಡಿದರೆ ತವರು ಶಾಶ್ವತವಾಗಿ ಹೋಯಿತು. ತಮ್ಮನಿಗೆ ಎಂದರೆ ಮನೆ ಹೋಯಿತು. ಎರಡಕ್ಕೂ ಮಿಗಿಲಾಗಿ, ಆಣೆಯಿಂದ ಅನುಮಾನ ಸಾಯುವುದಿಲ್ಲ. ನಾಳೆ ಮಗನನ್ನು ಕರೆಯುತ್ತಾರೆ, ನಾಡಿದ್ದು ಸೊಸೆಯನ್ನು. ಮತ ಯಾರಿಗೂ ಹೇಳಬೇಕಿಲ್ಲದ ಹಕ್ಕು, ಗಂಡನಿಗೂ ಸಹ.

ಹಾಗಂತ ಸುಮ್ಮನಿದ್ದರೆ ಅದನ್ನೂ ತಪ್ಪೊಪ್ಪಿಗೆ ಅನ್ನುತ್ತಾರೆ. ಅದಕ್ಕೆ ಒಂದು ಮಾತು ಬೇಕಿತ್ತು. ಅದನ್ನು ಕೂತು ಅಭ್ಯಾಸ ಮಾಡಿದೆವು. ಮೊದಮೊದಲು ಅವರ ಬಾಯಿಂದ ಬಂದದ್ದೆಲ್ಲ ಕ್ಷಮೆ ಕೇಳುವ ಮಾತೇ: “ತಪ್ಪು ತಿಳ್ಕೋಬೇಡ ಕಣಪ್ಪ, ನಾನೇನೂ...” ಅಲ್ಲಿಗೇ ನಿಲ್ಲಿಸಿ, ಕಾರಣ ಕೊಡಬೇಡಿ, ಕಾರಣ ಕೊಟ್ಟರೆ ಎದುರಿನವರು ವಾದಕ್ಕೆ ಕೂರುತ್ತಾರೆ ಎನ್ನುತ್ತಿದ್ದೆ. ಒಂದು ದಿನ ಅವರೇ ತಲೆಯೆತ್ತಿ ಹೇಳಿದರು: “ನನ್ ಓಟು ನನ್ ಹೊಟ್ಟೇಲೇ ಇರ್ಲಿ. ಕಾಫಿ ಕುಡೀತೀಯಾ?” ಇದಕ್ಕಿಂತ ಒಳ್ಳೆಯದನ್ನು ನಾನು ಬರೆದುಕೊಡಲಾರೆ. ಮನೆಗೆ ಬಂದವರಿಗೆ, ದಾರಿಯಲ್ಲಿ ಕೆಣಕಿದವರಿಗೆ, ಗಂಡನಿಗೆ, ಎಲ್ಲರಿಗೂ ಇದೇ ಮಾತು, ಇದೇ ದನಿ ಎಂದು ಗೊತ್ತುಮಾಡಿದೆವು.

ಡೈರಿಗೆ ಮರಳುವುದು ಎರಡನೇ ಕೆಲಸ. ಮೊದಲ ವಾರ ಯಾರನ್ನೂ ಮಾತಾಡಿಸುವ ಗೋಜಿಲ್ಲ. ಹಾಲು ಹಾಕಿ, ಫ್ಯಾಟು ಬರೆಸಿ, ವಾಪಸ್. ಮಗನಿಗೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಮಾವನ ಕಡೆಯವರನ್ನು ಚುಚ್ಚುವುದನ್ನು ಬಿಡಲು ಹೇಳಿದೆ, ಸ್ವಲ್ಪ ಗೊಣಗಿ ಒಪ್ಪಿದ.

ಗಂಡ ಒಮ್ಮೆ ಬಂದರು, ಕುರ್ಚಿಯ ತುದಿಯಲ್ಲಿ ಕೂತರು. ಇಷ್ಟು ಕೋಪ ಯಾಕೆ ಎಂದು ಕೇಳುತ್ತಾ ಹೋದಂತೆ ನಿಜವಾದ ಸಂಗತಿ ಹೊರಬಿತ್ತು. ತಮ್ಮನ, ಅಂದರೆ ಜಯಮ್ಮನ ಮೈದುನನ, ಚುನಾವಣೆ ಖರ್ಚಿಗೆಂದು ಹೆಂಡತಿಯ ಎರಡೆಳೆ ಸರವನ್ನು ಸೊಸೈಟಿಯಲ್ಲಿ ಅಡವಿಟ್ಟಿದ್ದರು. ಆ ಸರ ಜಯಮ್ಮನಿಗೆ ತವರಿನಿಂದ ಬಂದದ್ದು. ತವರಿನವರು ಹಾಕಿದ ಚಿನ್ನದಲ್ಲಿ ತವರಿನ ವಿರುದ್ಧವೇ ಚುನಾವಣೆ ನಡೆದಿತ್ತು. ಸೋತ ತಮ್ಮ ದುಡ್ಡು ಕೊಟ್ಟಿಲ್ಲ, ಬಡ್ಡಿ ಬೆಳೆಯುತ್ತಿದೆ, ಕೇಳಲು ಅಣ್ಣನಿಗೆ ಬಾಯಿಲ್ಲ. ಹೆಂಡತಿಯ ಮುಖ ನೋಡಿದಾಗಲೆಲ್ಲ ಬರಿಗೊರಳು ಕಾಣುತ್ತಿತ್ತು. ಓಟು ಯಾರಿಗೆ ಎಂಬ ಪ್ರಶ್ನೆ ಆ ನಾಚಿಕೆಗೆ ಹೊದಿಸಿದ ಬಟ್ಟೆ ಎಂದೇ ನನ್ನ ಅಭಿಪ್ರಾಯ.

ಅವರಿಗೆ ನಾನು ಹೇಳಿದ್ದು ಖಾರವಾಗಿಯೇ ಇತ್ತು. ಆ ಸರ ಸ್ತ್ರೀಧನ, ಹೆಂಡತಿಯ ಸ್ವಂತ ಆಸ್ತಿ. ಸುಪ್ರೀಂ ಕೋರ್ಟು 1985ರಲ್ಲೇ ಅದನ್ನು ಸ್ಪಷ್ಟವಾಗಿ ಹೇಳಿದೆ. ಹೆಂಡತಿಯಿಂದ ಲೆಕ್ಕ ಕೇಳುವ ಮೊದಲು ನಿಮ್ಮ ತಮ್ಮನಿಂದ ಲೆಕ್ಕ ಕೇಳಿ. ಎಷ್ಟು ಕೊಟ್ಟಿದ್ದು, ಎಷ್ಟು ಕಂತು, ಯಾವ ಫಸಲಿಗೆ ಎಷ್ಟು ಎಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಜಗಳ ಬೇಡ, ಕಾಗದ ಸಾಕು.

ಅವರ ಇನ್ನೊಂದು ದೂರು ಕೂಡ ಸುಳ್ಳಲ್ಲ: ನರೇಗಾದಲ್ಲಿ, ಅಂದರೆ ಉದ್ಯೋಗ ಖಾತರಿ ಯೋಜನೆಯಲ್ಲಿ, ಕಟ್ಟಿಸಿದ ದನದ ಕೊಟ್ಟಿಗೆಯ ಬಿಲ್ ಆಗಿಲ್ಲ, ಹೆಂಡತಿಯ ತಮ್ಮನೇ ತಡೆಹಿಡಿಸಿದ್ದಾನೆ ಎಂದು. ಇರಬಹುದು, ಇಲ್ಲದಿರಬಹುದು. ಹಕ್ಕಿನ ಕೆಲಸವನ್ನು ನಂಟಸ್ತಿಕೆಯ ಮೂಲಕ ಕೇಳಬೇಡಿ, ನಂಟಸ್ತಿಕೆಯ ಮೇಲೆ ಅದರ ಸೇಡನ್ನೂ ತೀರಿಸಬೇಡಿ ಎಂದೆ. ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಅಲ್ಲೂ ಆಗದಿದ್ದರೆ ದೂರು ವಿಚಾರಿಸುವ ಜಿಲ್ಲೆಯ ನರೇಗಾ ಓಂಬುಡ್ಸ್‌ಮನ್ ಇದ್ದಾರೆ ಎಂದೂ ತಿಳಿಸಿದೆ. ಅರ್ಜಿ ಕೊಟ್ಟ ಮೇಲೆ ಕಾಮಗಾರಿಯ ಕೊನೆ ಹಂತದ ಫೋಟೊ ಏರಿಸಿಲ್ಲ ಎಂದು ಗೊತ್ತಾಯಿತು. ಅದು ಮರೆವೋ ಬೇಕೆಂದೇ ಮಾಡಿದ್ದೋ ಈಗಲೂ ಯಾರಿಗೂ ಖಚಿತವಿಲ್ಲ. ಬಿಲ್ ಆಯಿತು.

ಊರಿನ ಹಿರಿಯರು ರಾಜಿ ಪಂಚಾಯ್ತಿ ಸೇರಿಸುತ್ತೇವೆ ಎಂದಿದ್ದರು. ಸದ್ಯಕ್ಕೆ ಬೇಡ ಎಂದೆ. ಹತ್ತು ಜನರ ಮುಂದೆ ಅರಳಿಕಟ್ಟೆಯಲ್ಲಿ ಕೂತರೆ ಯಾರದು ತಪ್ಪು ಎಂಬಲ್ಲಿಂದಲೇ ಮಾತು ಶುರುವಾಗುತ್ತದೆ, ಸೋತವನು ಎರಡನೇ ಸಲ ಸೋಲುತ್ತಾನೆ. ಗಂಡಸರು ಕೈ ಕುಲುಕಿ ಹೋದ ಮೇಲೂ ಅಡುಗೆಮನೆಗಳು ಮುಚ್ಚಿಯೇ ಇರುವುದನ್ನು ನಾನು ಬೇರೆ ಪ್ರಕರಣಗಳಲ್ಲಿ ಕಂಡಿದ್ದೇನೆ. ಅದರ ಬದಲು ತಮ್ಮನ ಹೆಂಡತಿಯ ಮೂಲಕ ದಾರಿ ಹುಡುಕಿ ಎಂದೆ. ಆಕೆಗೂ ಈ ಮುನಿಸು ಬೇಕಿರಲಿಲ್ಲ. ಮಗಳು ಬಾಣಂತನಕ್ಕೆ ಬಂದಾಗ ಜಯಮ್ಮ ಹಸುವಿನ ತುಪ್ಪ ಹಿಡಿದು, ಮದುವೆಯ ಮಾತೆತ್ತದೆ, ಮಗು ನೋಡಲು ಹೋದರು. ತಮ್ಮ ಅಂದು ತೋಟಕ್ಕೆ ಹೋಗಿದ್ದರಂತೆ, ಬೇಕೆಂದೇ ಹೋಗಿರಬಹುದು. ಆ ವರ್ಷದ ಗೌರಿ ಹಬ್ಬಕ್ಕೆ ಬಾಗಿನ ಬಂತು, ತಮ್ಮನ ಹೆಂಡತಿಯ ಕೈಯಲ್ಲಿ.

ಈಗ ನಿದ್ದೆ ಸುಧಾರಿಸಿದೆ, ಎದೆ ಹಿಡಿಯುವುದು ಅಪರೂಪ. ಡೈರಿಗೆ ಬೆಳಗಿನ ಹೊತ್ತು ಅವರೇ ಹೋಗುತ್ತಾರೆ. ಸಾಲಿನಲ್ಲಿ ಕೆಲವರು ಮಾತಾಡುತ್ತಾರೆ, ಕೆಲವರು ಇನ್ನೂ ಇಲ್ಲ. ಗಂಡನೂ ಜಯಮ್ಮನ ತಮ್ಮನೂ ಎದುರಾದರೆ ತಲೆ ತಗ್ಗಿಸಿ ಹೋಗುತ್ತಾರೆ. ಸಾಲದ ಕಂತು ಎರಡು ಫಸಲಿಗೆ ಬಂದು ಮೂರನೆಯದಕ್ಕೆ ನಿಂತಿದೆ.

ಕಡೆಯ ಭೇಟಿಯಲ್ಲಿ ಜಯಮ್ಮ ಕೇಳಿದ್ದು ಮುಂದಿನ ಚುನಾವಣೆಯ ಬಗ್ಗೆ. ಮೈದುನ ಮತ್ತೆ ನಿಲ್ಲುವ ಆಲೋಚನೆಯಲ್ಲಿದ್ದಾರೆ. ನಾಮಪತ್ರ ಹಾಕುವ ಮೊದಲೇ ಮನೆಯಲ್ಲಿ ಹೇಳಿಬಿಡಿ ಎಂದೆ: ಪ್ರಚಾರಕ್ಕೆ ಯಾರ ಮನೆ ಬಾಗಿಲಿಗೂ ನಾನು ಬರುವುದಿಲ್ಲ, ಓಟಿನ ದಿನ ಒಬ್ಬಳೇ ನಡೆದುಕೊಂಡು ಹೋಗುತ್ತೇನೆ, ಸರ ಬಿಡಿಸಿದ ಮೇಲೆ ಅದರ ರಸೀದಿ ನನ್ನ ಟ್ರಂಕಿನಲ್ಲಿರುತ್ತದೆ, ಮತ್ತೆ ಅಡವಿಗೆ ಹೋಗುವುದಿಲ್ಲ. ಮೊದಲೆರಡಕ್ಕೆ ಗಂಡ ಒಪ್ಪಿದ್ದಾರೆ. ಮೂರನೆಯದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಉತ್ತರ ಬರುವವರೆಗೆ ಸಾಲದ ಕಾಗದದ ಒಂದು ಪ್ರತಿಯನ್ನು ಮಗನ ಬಳಿ ಇಡಲು ಹೇಳಿದ್ದೇನೆ.